ಹಂಡೆ, ಕೆಂಡ, ಸೋಲಾರ್: ಚಳಿಗಾಲದ ತಪ್ಪು ಕಲ್ಪನೆ ಮತ್ತು ವಾಸ್ತವ

ಕೆಂಕೆರೆ, ಹುಳಿಯಾರು, ತಿಪಟೂರು ಕಡೆ ಮನೆ ಬೆಚ್ಚಗಿಡಲೆಂದೇ ಯಾರೂ ಯಂತ್ರ ಕೂರಿಸಿಲ್ಲ. ಇಲ್ಲಿ ಚಳಿಗಾಲದ ತಯಾರಿ ಅಂದರೆ ಬಚ್ಚಲೊಲೆ, ಅದರ ಮೇಲಿನ ಹಂಡೆ, ಹಿತ್ತಿಲ ಮಟ್ಟೆ ರಾಶಿ, ಈಚೆಗೆ ತಾರಸಿಯ ಸೋಲಾರ್. ದೀಪಾವಳಿಯಿಂದ ಶಿವರಾತ್ರಿವರೆಗೆ ಇವುಗಳದ್ದೇ ದರ್ಬಾರು. ಇವುಗಳ ಸುತ್ತ ಹಬ್ಬಿರುವ ಮಾತುಗಳನ್ನು ನಾವೂ ನಂಬಿಕೊಂಡು ಬಂದವರೇ. ಹಲವು ಬರೀ ಉರುವಲು ದಂಡ ಮಾಡಿಸುತ್ತವೆ. ಕೆಲವು ಜೀವಕ್ಕೇ ಎರವಾಗುತ್ತವೆ.

ತಪ್ಪು ಕಲ್ಪನೆ: ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿದರೆ ವರ್ಷದ ಕೆಲಸ ಮುಗಿಯಿತು.

ವಾಸ್ತವ: ಹಬ್ಬವೇನೋ ಸರಿಯಾದ ಹೊತ್ತಿಗೇ ಬರುತ್ತದೆ, ಚಳಿ ಕಾಲಿಡುವ ಮುಂಚೆ. ಆದರೆ ನಾವು ಬೆಳಗುವುದು ನೆಂಟರ ಕಣ್ಣಿಗೆ ಬೀಳುವ ಭಾಗವನ್ನು. ಕೊಳವೆಬಾವಿಯ ಗಡಸು ನೀರು ಕಾದಾಗಲೆಲ್ಲ ಹಂಡೆಯೊಳಗೆ ಸುಣ್ಣದ ಪದರ ಕೂರುತ್ತದೆ, ತಳದ ಹೊರಗೆ ಮಸಿ ಕಟ್ಟುತ್ತದೆ. ಎರಡೂ ಕಾವಿಗೆ ಅಡ್ಡ. ತೆಳ್ಳಗಿನ ಕಪ್ಪು ಇರಲಿ, ಅದು ಕಾವನ್ನು ಚೆನ್ನಾಗಿಯೇ ಹೀರುತ್ತದೆ. ಹಕ್ಕಳೆಯಾಗಿ ಏಳುವಷ್ಟು ದಪ್ಪವಾಗಿದ್ದರೆ ಕೆರೆದು ತೆಗೆಯಬೇಕು. ಒಳಗಿನ ಸುಣ್ಣಕ್ಕೆ ಹುಣಸೆಹಣ್ಣು ಕಿವುಚಿ ಬಳಿದರೆ ಸಣ್ಣಗೆ ನೊರೆ ಏಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದರಾಯಿತು. ಸುಣ್ಣ ತಳಕ್ಕೆ ಕೂತಿತು, ಹಾಗಾಗಿ ಕಾದ ನೀರು ಕುಡಿಯಲೂ ಶುದ್ಧ ಅನ್ನುವವರಿದ್ದಾರೆ. ಆದರೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಕುದಿಸಿದರೂ ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ತಪ್ಪು ಕಲ್ಪನೆ: ಮಟ್ಟೆ ಸ್ವಲ್ಪ ಹಸಿಯಿದ್ದರೆ ನಿಧಾನ ಉರಿದು ಹೆಚ್ಚು ಹೊತ್ತು ಕಾವು ಕೊಡುತ್ತದೆ.

ವಾಸ್ತವ: ಹೆಚ್ಚು ಹೊತ್ತು ಉರಿಯುತ್ತದೆ, ಕಡಿಮೆ ಕಾವು ಕೊಡುತ್ತದೆ. ಮಟ್ಟೆಯೊಳಗಿನ ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖದಲ್ಲಿ ಸುಮಾರು 30 ಲೀಟರ್ ಸ್ನಾನದ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬಹುದು. ಅಂದರೆ ಒಬ್ಬರ ಸ್ನಾನದ ನೀರು ಹೊಗೆಯ ಜೊತೆ ಹೊರಟುಹೋಯಿತು. ಕಾಯಿ ಸುಲಿದಲ್ಲೇ ಮಟ್ಟೆ ಬಿಟ್ಟರೆ ಹಿಂಗಾರು ಮಳೆ ಅಷ್ಟನ್ನೂ ಕುಡಿಸುತ್ತದೆ. ಮಳೆಗೆ ಮುಂಚೆ ಸೂರಿನಡಿ ಒಟ್ಟಬೇಕು, ನಡುವೆ ಗಾಳಿ ಆಡಬೇಕು, ಒಲೆಯ ಕಿಡಿ ಹಾರುವಷ್ಟು ಹತ್ತಿರ ಮಾತ್ರ ಬೇಡ.

ತಪ್ಪು ಕಲ್ಪನೆ: ಚಿಮಣಿ ಕಾವನ್ನೆಲ್ಲ ಎಳೆದುಕೊಂಡು ಹೋಗುತ್ತದೆ, ಗೋಣಿಚೀಲ ತುರುಕಿದರೆ ನೀರು ಬೇಗ ಕಾಯುತ್ತದೆ.

ವಾಸ್ತವ: ಚಿಮಣಿ ಹೊಗೆಯನ್ನು ಮೇಲಕ್ಕೆ ಎಳೆಯುವುದರಿಂದಲೇ ಕೆಳಗಿನಿಂದ ಹೊಸ ಗಾಳಿ ಬೆಂಕಿಗೆ ಸಿಗುವುದು. ಅದು ಕಟ್ಟಿಕೊಂಡರೆ ಬೆಂಕಿ ಹೊಗೆಯಾಡುತ್ತದೆ, ಆ ಹೊಗೆ ಬಚ್ಚಲಿಗೇ ನುಗ್ಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಶುರುವಾದ ಅಸ್ತ್ರ ಕೇಂದ್ರ ನಮ್ಮದೇ ಜಿಲ್ಲೆಯ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ಇಟ್ಟುಕೊಂಡು ಹಳ್ಳಿಯ ಉರುವಲಿನ ಲೆಕ್ಕ ಬರೆದಿತ್ತು. ಆ ಕೇಂದ್ರ ರೂಪಿಸಿದ ಅಸ್ತ್ರ ಒಲೆಯಲ್ಲಿ ಬೆಂಕಿಯ ಗೂಡು ಮುಚ್ಚಿತ್ತು, ಚಿಮಣಿ ತೆರೆದಿತ್ತು. ನಾವು ಮಾಡುವುದು ಇದರ ತಿರುಗುಮುರುಗು. ಕಾವು ಉಳಿಸಬೇಕಾದರೆ ಒಲೆಯ ಬಾಯಿ ಕಿರಿದು ಮಾಡಿ, ಹಂಡೆ ಸುತ್ತಲಿನ ಬಿರುಕಿಗೆ ಮಣ್ಣು ಮೆತ್ತಿ. ಚಿಮಣಿಯೊಳಗಿನ ಮಸಿಯನ್ನೂ ಹಕ್ಕಿ ಗೂಡನ್ನೂ ವರ್ಷಕ್ಕೊಮ್ಮೆ ತೆಗೆಸಿ.

ತಪ್ಪು ಕಲ್ಪನೆ: ಅಪಾಯವಿರುವುದು ಹೊಗೆಯಲ್ಲಿ, ಚಿಪ್ಪಿನ ಕೆಂಡದಲ್ಲಿ ಹೊಗೆಯಿಲ್ಲ, ಹಾಗಾಗಿ ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ ರಾತ್ರಿಯಿಡೀ ಇಟ್ಟುಕೊಳ್ಳಬಹುದು.

ವಾಸ್ತವ: ಹೊಗೆ ಇಲ್ಲದಿರುವುದೇ ಇಲ್ಲಿ ಮೋಸ. ನಿಗಿನಿಗಿ ಹೊಳೆಯುವ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಮೇಲೆ ಬೂದಿ ಮುಚ್ಚಿದರೂ ಅದು ನಿಲ್ಲುವುದಿಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯದು, ಕೆಮ್ಮು ಬಾರದು. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಹೊಗೆಯಾದರೆ ಮಲಗಿದವರು ಎದ್ದು ಬಾಗಿಲು ತೆಗೆದಾರು. ಇದು ಎಬ್ಬಿಸುವುದಿಲ್ಲ, ಮಂಪರಿಗೆ ತಳ್ಳುತ್ತದೆ.

ನಮ್ಮ ಅಜ್ಜಿಯರ ಕಾಲದಲ್ಲಿ ಏನೂ ಆಗಿರಲಿಲ್ಲವಲ್ಲ ಎಂಬ ಮಾತು ಬಂದೇ ಬರುತ್ತದೆ. ಬಾಣಂತಿಗೆ, ಮಗುವಿಗೆ ಶೀತವಾಗಬಾರದೆಂಬ ಅವರ ಕಾಳಜಿ ಸರಿಯಾದದ್ದೇ. ಆದರೆ ಅವರ ಹೆಂಚಿನ ಮನೆಯಲ್ಲಿ ಸಂದಿಸಂದಿಯಲ್ಲೂ ಗಾಳಿ ಆಡುತ್ತಿತ್ತು. ಆರ್‌ಸಿಸಿ ಮನೆಯಲ್ಲಿ ನಾವು ಗಾಜಿನ ಕಿಟಕಿ ಹಾಕಿ, ಬಾಗಿಲ ಕೆಳಗೆ ಹಳೆ ಸೀರೆ ಬೇರೆ ತುರುಕುತ್ತೇವೆ.

ಬೆಳಗ್ಗೆ ಎದ್ದಾಗ ತಲೆನೋವು, ವಾಕರಿಕೆ, ಕಾಲಲ್ಲಿ ಬಲವಿಲ್ಲ. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ಮನೆಯವರು ತಾಯತ ಕಟ್ಟಿಸಲು ಹೊರಡುತ್ತಾರೆ. ಒಂದನ್ನು ಗಮನಿಸಿ: ಆ ಕೋಣೆಯಲ್ಲಿ ಮಲಗಿದವರಿಗೆಲ್ಲ ಒಟ್ಟಿಗೇ ಹೀಗಾಗಿದೆಯೇ? ಅಂಗಳಕ್ಕೆ ಬಂದರೆ ಹಗುರವಾಗಿ, ಒಳಗೆ ಹೋದರೆ ಮತ್ತೆ ಶುರುವಾಗುತ್ತದೆಯೇ? ಹಾಗಿದ್ದರೆ ಕೆಂಡದ್ದೇ ಕೆಲಸ ಎಂದು ಮೊದಲು ಅನುಮಾನಿಸಬೇಕು. ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ತನ್ನಿ, 108ಕ್ಕೆ ಫೋನ್ ಮಾಡಿ. ನಿಂಬೆಹಣ್ಣು ಇಳಿ ತೆಗೆಯುವುದು ಆಮೇಲಾದರೂ ಆಗುತ್ತದೆ.

ಸಾಂಬ್ರಾಣಿಗೆ ತಂದ ಕೆಂಡವೂ ಕೆಂಡವೇ. ಮಲಗುವ ಮುಂಚೆ ಅದು ಮನೆಯಿಂದ ಹೊರಗೆ ಹೋಗಬೇಕು. ಕೋಣೆಗೆ ಕಂಬಳಿ, ಮಗುವಿಗೆ ಟೋಪಿ ಮತ್ತು ತಾಯಿಯ ಮೈಯ ಬಿಸಿ ಸಾಕು. ಗಾಳಿಗಂಡಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸಿದವರಿಗೂ ಇದೇ ಅನಿಲದ ಅಪಾಯವಿದೆ.

ತಪ್ಪು ಕಲ್ಪನೆ: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೀಟರ್ ಕಾಯಿಲ್ ಇಟ್ಟರೆ ಶಾಕ್ ಹೊಡೆಯುವುದಿಲ್ಲ.

ವಾಸ್ತವ: ಬಕೆಟ್ ಪ್ಲಾಸ್ಟಿಕ್ಕಿನದು, ನೀರಲ್ಲವಲ್ಲ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ಬೆರಳು ಅದ್ದುವುದು.

ತಪ್ಪು ಕಲ್ಪನೆ: ಚಳಿಗಾಲದಲ್ಲಿ ಸೋಲಾರ್ ಕೆಲಸಕ್ಕೆ ಬಾರದು.

ವಾಸ್ತವ: ಸೋಲಾರ್‌ಗೆ ಬೇಕಾದದ್ದು ಬಿಸಿಲು. ಹೊರಗಿನ ಚಳಿ ಅಷ್ಟಾಗಿ ಕಾಡದು. ಮೋಡ ಕವಿದ ಆಷಾಢಕ್ಕಿಂತ ತಿಳಿಯಾದ ಪುಷ್ಯ ಅದಕ್ಕೆ ಎಷ್ಟೋ ವಾಸಿ. ತೆಂಗಿನ ಸೀಮೆಯಲ್ಲಿ ತೊಡಕು ಬೇರೆಯೇ ಇದೆ. ಜೂನ್ ಕೊನೆಯಲ್ಲಿ ಇಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕಿದ್ದು, ಮರದ ನೆರಳು ಬುಡದ ಹತ್ತಿರವೇ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಹಗಲಲ್ಲೂ ಸುಮಾರು 53 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. 15 ಮೀಟರ್ ಎತ್ತರದ ತಿಪಟೂರು ಟಾಲ್ ಮರದ ನೆರಳು ನೆಲದ ಮೇಲೆ ಉತ್ತರಕ್ಕೆ ಸುಮಾರು 11 ಮೀಟರ್ ಚಾಚುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಬೇಸಿಗೆಯಲ್ಲಿ ಬಂದು ಫಲಕ ಕೂರಿಸಿದವರಿಗೆ ಈ ನೆರಳು ಕಾಣುವುದೇ ಇಲ್ಲ. ಫಲ ಕೊಡುವ ಮರ ಕಡಿಸುವ ಮಾತು ಬೇಡ, ಫಲಕ ಸರಿಸುವುದು ಅಗ್ಗ. ಹೊಸದಾಗಿ ಹಾಕಿಸುವವರು ಡಿಸೆಂಬರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ, ನಡುಹಗಲಿಗೆ, ಸಂಜೆ ಮೂರಕ್ಕೆ ತಾರಸಿ ಹತ್ತಿ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದುಕೊಳ್ಳಲಿ, ಆಮೇಲೆ ಫಿಟ್ಟರ್‌ಗೆ ಹೇಳಿ ಕಳಿಸಲಿ.