ಡೈ ಹಾಕಿದ ಕೂದಲಿಗೆ ಏನು ಹಚ್ಚಬೇಕು?

ದೇವಳಾಲಿ ಕ್ಯಾಂಪಿಗೆ ಪೋಸ್ಟಿಂಗ್ ಆಗಿ ಬಂದ ಮನೆಯವರು ಮೊದಲು ಮಕ್ಕಳ ಶಾಲೆ ವಿಚಾರಿಸುತ್ತಾರೆ, ಆಮೇಲೆ ಗ್ಯಾಸ್ ಸಿಲಿಂಡರು. ಎರಡು ಮೂರು ತಿಂಗಳಾದ ಮೇಲೆ ಕೂದಲಿನ ಸರದಿ. ನಾಸಿಕ್ ಪಕ್ಕದ ಈ ಕಂಟೋನ್ಮೆಂಟ್ ಊರಿನಲ್ಲಿ ಸೇನೆಯ ಸ್ಕೂಲ್ ಆಫ್ ಆರ್ಟಿಲರಿ ಇರುವುದರಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಡಗಿನ ಕಡೆಯ ಕುಟುಂಬಗಳು ಬರುತ್ತಲೇ ಇರುತ್ತವೆ. ನಮ್ಮ ಯಜಮಾನರೂ ತೋಪುಖಾನೆಯಲ್ಲಿದ್ದು ಇಲ್ಲೇ ನಿವೃತ್ತರಾದವರು. ಲ್ಯಾಮ್ ರೋಡಿನಿಂದ ಒಳಗೆ ತಿರುಗುವ ಗಲ್ಲಿಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಪಾರ್ಲರು. ಸಾಗರದಲ್ಲಿ ಬಿ.ಎಸ್ಸಿ. ಓದುವಾಗ ಕಲಿತ ರಸಾಯನಶಾಸ್ತ್ರ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುವುದಕ್ಕೆ ಇಲ್ಲಿ ದಿನವೂ ಉಪಯೋಗಕ್ಕೆ ಬರುತ್ತದೆ.

“ಅಕ್ಕಾರ, ಬಾಚಣಿಗಿ ಕೆಳಗ ಇಳಿವಲ್ದು ನೋಡ್ರಿ. ಊರಾಗ ಹಿಂಗ ಇರಲಿಲ್ಲ. ಈ ನೀರ ಚಲೋ ಇಲ್ರಿ” ಎನ್ನುತ್ತಾ ಕುರ್ಚಿಯಲ್ಲಿ ಕೂರುತ್ತಾರೆ. ನೀರಿನ ಮೇಲಿನ ದೂರು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ನಾನು ಕೇಳುವ ಪ್ರಶ್ನೆಗಳೇ ಬೇರೆ. ಡೈ ಯಾವಾಗ ಹಾಕಿದಿರಿ, ಮೆಹಂದಿ ಯಾವುದು, ಸ್ಟ್ರೇಟ್ನಿಂಗ್ ಆಗಿದೆಯಾ, ತಲೆಗೆ ಗೀಸರಿನ ಬಿಸಿನೀರಾ? ಕೂದಲಿಗೆ ಏನಾಗಿದೆ ಎನ್ನುವುದು ಗೊತ್ತಾಗದೆ ಕಂಡಿಷನರ್ ಆರಿಸಲು ಹೊರಟರೆ ಅಂಗಡಿಯವನು ಕೊಟ್ಟದ್ದನ್ನು ತರುವುದಾಗುತ್ತದೆ.

ನೀರಿನ ಮಾತು ಮೊದಲು ಮುಗಿಸುತ್ತೇನೆ. ದಖ್ಖನ್ನಿನ ಈ ಭಾಗವೆಲ್ಲ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಸಾಲ್ಟ್ ಬಂಡೆ. ಅದರ ಸಂದುಗಳಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಿರುತ್ತವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಎನ್ನುತ್ತದೆ ಭಾರತೀಯ ಮಾನಕ. ಆ ಮಿತಿಯೊಳಗಿನ ನೀರೂ ಕೂದಲಿಗೆ ಗಡಸಾಗಬಹುದು. ಒಂದು ಬಾಟಲಿಯಲ್ಲಿ ನೀರು ಹಾಕಿ ಸ್ವಲ್ಪ ಸಾಬೂನು ಹೆರೆದು ಅಲ್ಲಾಡಿಸಿ. ನೊರೆ ಬರದೆ ಬಿಳಿ ಕೆನೆ ತೇಲಿದರೆ ಅದು ಗಡಸು ನೀರು. ಅದೇ ಕೆನೆ ಸಾಬೂನಿನಲ್ಲಿ ತಲೆ ತೊಳೆಯುವವರ ಕೂದಲಿನ ಮೇಲೂ ಕೂರುತ್ತದೆ. ನಲ್ಲಿಗೆ ಸಿಕ್ಕಿಸುವ ಸಣ್ಣ ಫಿಲ್ಟರ್ ಕ್ಲೋರಿನ್ ತಗ್ಗಿಸಬಹುದು, ಗಡಸುತನವನ್ನು ತೆಗೆಯುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ ಎಂದೇ ನಾನು ಹೇಳುವುದು. ಅಡುಗೆಮನೆಯ ಆರ್‌ಓ ನೀರಿನಲ್ಲಿ ಕೊನೆಯ ಎರಡು ತಂಬಿಗೆ ತಲೆಗೆ ಸುರಿದುಕೊಳ್ಳಿ. ತಿಂಗಳಿಗೊಮ್ಮೆ ಇಡಿಟಿಎ ಇರುವ, ‘ಕ್ಲಾರಿಫೈಯಿಂಗ್’ ಅಥವಾ ‘ಕೀಲೇಟಿಂಗ್’ ಎಂದು ಬರೆದ ಶಾಂಪೂ ಹಾಕಿ. ಕ್ಯಾಲ್ಸಿಯಂ, ತಾಮ್ರದಂಥ ಅಂಶಗಳನ್ನು ಅದು ಹಿಡಿದು ಹೊರಗೆ ತರುತ್ತದೆ. ಡೈ ಹಾಕುವ ಹಿಂದಿನ ದಿನವೇ ಹೀಗೆ ತೊಳೆದುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಕೂದಲೊಳಗೆ ಸೇರಿಕೊಂಡ ತಾಮ್ರ ಡೈಯಲ್ಲಿರುವ ಪೆರಾಕ್ಸೈಡ್ ಜೊತೆ ಸೇರಿ ಹಾನಿಯನ್ನು ಹೆಚ್ಚಿಸುತ್ತದೆ.

ಈಗ ಕೂದಲಿನ ಮಾತು. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಹೊರಗಡೆ ನಮ್ಮ ಮಲೆನಾಡಿನ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಒರಗಿದ ತೆಳು ಚಿಪ್ಪುಗಳ ಹೊದಿಕೆ ಇರುತ್ತದೆ. ಬಣ್ಣ ಕೊಡುವ ಮೆಲನಿನ್ ಇರುವುದು ಅದರ ಒಳಗೆ. ಚಿಪ್ಪುಗಳ ಮೇಲೆ ಹುಟ್ಟಿನಿಂದಲೇ ಒಂದು ಜಿಡ್ಡಿನ ಪದರವಿದೆ. 18-ಎಂಇಎ ಎನ್ನುವ ಕೊಬ್ಬಿನ ಆಮ್ಲದ್ದು ಅದು, ಚಿಪ್ಪಿಗೆ ಅಂಟಿಕೊಂಡೇ ಇರುತ್ತದೆ. ಎಳೆ ಮಗುವಿನ ಕೂದಲು ನೀರಿನಲ್ಲೂ ಸಿಕ್ಕಾಗದೆ ಜಾರುವುದು ಇದು ಪೂರ್ತಿ ಉಳಿದಿರುವುದರಿಂದ. ಕ್ಷಾರವಿರುವ ಡೈ, ಬ್ಲೀಚ್ ಒಮ್ಮೆ ತಾಗಿದರೆ ಈ ಪದರ ಕಿತ್ತು ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಬುಡದಿಂದ ಹೊರಬಂದ ಕೂದಲಿಗೆ ಜೀವ ಇಲ್ಲವಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಲೆಕ್ಕದಲ್ಲಿ ಅರವತ್ತು ಸೆಂಟಿಮೀಟರ್ ಜಡೆಯ ತುದಿಗೆ ಐದು ವರ್ಷ ವಯಸ್ಸು. ಅಷ್ಟು ವರ್ಷದ ಬಿಸಿಲು, ನೀರು, ಬಾಚಣಿಗೆ, ಡೈ ಎಲ್ಲವನ್ನೂ ಉಂಡದ್ದು ಆ ತುದಿ. ಕಂಡಿಷನರ್ ಬುಡಕ್ಕಿಂತ ಹೆಚ್ಚು ಬೇಕಾಗಿರುವುದು ಅದಕ್ಕೆ.

ಕಂಡಿಷನರ್ ಕೆಲಸ ಮಾಡುವ ರೀತಿ ನನಗೆ ಇಂದಿಗೂ ಬಹಳ ಚೆಂದ ಕಾಣುತ್ತದೆ. ಒದ್ದೆಯಾದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಹಾಳಾದ ಕಡೆಯಂತೂ ಇನ್ನೂ ಹೆಚ್ಚು. ಕಂಡಿಷನರಿನ ಮುಖ್ಯ ವಸ್ತುವಿನಲ್ಲಿ ಧನ ವಿದ್ಯುದಂಶ ಇರುತ್ತದೆ. ಹಾಗಾಗಿ ಎಲ್ಲಿ ಹೆಚ್ಚು ಹಾನಿಯಾಗಿದೆಯೋ ಅಲ್ಲಿಗೇ ಅದು ಹೋಗಿ ಹೆಚ್ಚು ಅಂಟಿಕೊಳ್ಳುತ್ತದೆ, ನಾವು ತೋರಿಸಿಕೊಡಬೇಕಾಗಿಲ್ಲ. ಬಾಟಲಿಯ ಹಿಂದೆ ಅದರ ಹೆಸರು ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್ ಎಂದಿರುತ್ತದೆ. ಮೊದಲನೆಯದು ಉದ್ದ ಕೊಂಡಿಯ ಅಣು, ಹೆಚ್ಚು ಮೃದು ಮಾಡುತ್ತದೆ. ಒಣಗಿದ, ದಪ್ಪ, ಡೈ ಹಾಕಿದ ಕೂದಲಿಗೆ ಸರಿ. ಎರಡನೆಯದು ಹಗುರ, ತೆಳು ಕೂದಲಿಗೆ ಸಾಕು. ಜೊತೆಗೆ ಸೆಟೈಲ್, ಸೆಟೆರಿಲ್ ಆಲ್ಕೊಹಾಲ್ ಎಂದಿದ್ದರೆ ಹೆದರಬೇಡಿ. ಹೆಸರಿನಲ್ಲಿ ಆಲ್ಕೊಹಾಲ್ ಇದ್ದರೂ ಅವು ಮೇಣದಂಥ ಕೊಬ್ಬುಗಳು, ಕೂದಲನ್ನು ಒಣಗಿಸುವುದಿಲ್ಲ. ನಮ್ಮಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮುಂದುಗಡೆ ದೊಡ್ಡದಾಗಿ ಅರ್ಗಾನ್ ಎಣ್ಣೆ, ರೇಷ್ಮೆ, ಬಾದಾಮಿ ಎಂದು ಬರೆದಿದ್ದರೂ ಹಿಂದಿನ ಪಟ್ಟಿಯಲ್ಲಿ ಅದು ಸುಗಂಧಕ್ಕಿಂತ ಕೆಳಗಿದ್ದರೆ ಚಿಟಿಕೆಯಷ್ಟೂ ಇಲ್ಲವೆಂದು ತಿಳಿಯಿರಿ.

ಊರಿನಲ್ಲಿ ನಮ್ಮ ಅಜ್ಜಿ ದಾಸವಾಳದ ಸೊಪ್ಪು, ಮತ್ತಿ ಸೊಪ್ಪು ಕಿವುಚಿ ಗೊಂಪು ಮಾಡುತ್ತಿದ್ದರು. ಸೀಗೆಪುಡಿ ಹಾಕಿ ತೊಳೆದ ಕೂದಲಿಗೆ ಅದರ ಲೋಳೆ ಹತ್ತಿ, ಬೆರಳಿನಿಂದಲೇ ಸಿಕ್ಕು ಬಿಡುತ್ತಿತ್ತು. ಡೈ ಕಾಣದ ಕೂದಲಿಗೆ ನಾನು ಈಗಲೂ ಗೊಂಪನ್ನೇ ಹೇಳುತ್ತೇನೆ. ದೇವಳಾಲಿಯ ಬಂಗಲೆಗಳ ಕಾಂಪೌಂಡಿನಲ್ಲಿ ದಾಸವಾಳಕ್ಕೆ ಬರವಿಲ್ಲ. ಬ್ಲೀಚ್ ಆದ ಕೂದಲಿಗೆ ಮಾತ್ರ ಅದು ಸಾಲದು, ಧನ ವಿದ್ಯುದಂಶದ ಆ ಹಿಡಿತ ಅದಕ್ಕಿಲ್ಲ.

ಡೈ ಹೇಗೆ ಹಿಡಿಯುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಫ್ರಾನ್ಸಿನ ರಸಾಯನತಜ್ಞ ಯೂಜೀನ್ ಶುಯೆಲರ್ 1907ರಲ್ಲಿ ಕೃತಕ ಹೇರ್ ಡೈ ತಯಾರಿಸಿ, 1909ರಲ್ಲಿ ಕಂಪನಿ ಕಟ್ಟಿದ. ಅದೇ ಮುಂದೆ ಲೋರಿಯಲ್ ಆಯಿತು. ಇಂದಿನ ಪರ್ಮನೆಂಟ್ ಡೈಯಲ್ಲಿ ಅಮೋನಿಯಾ ಚಿಪ್ಪುಗಳನ್ನು ಉಬ್ಬಿಸಿ ದಾರಿ ಮಾಡುತ್ತದೆ, ಪೆರಾಕ್ಸೈಡ್ ಮೂಲ ಬಣ್ಣವನ್ನು ತಿಳಿಯಾಗಿಸುತ್ತದೆ, ಪಿಪಿಡಿ (ಪ್ಯಾರಾ-ಫಿನೈಲೀನ್‌ಡೈಅಮೀನ್) ಎಂಬಂಥ ಸಣ್ಣ ಅಣುಗಳು ಒಳಗೆ ಹೋಗಿ ಸೇರಿಕೊಂಡು ದೊಡ್ಡ ಬಣ್ಣದ ಅಣುವಾಗಿ ಅಲ್ಲೇ ಉಳಿಯುತ್ತವೆ. ‘ಅಮೋನಿಯಾ ಇಲ್ಲ’ ಎಂದು ಬರೆದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮೊನೊಎಥನಾಲಮೀನ್ ಇರುತ್ತದೆ. ವಾಸನೆ ಕಡಿಮೆ, ಆದರೆ ಅದೂ ಕ್ಷಾರವೇ. ಪೆರಾಕ್ಸೈಡ್ ಇರುವ ಡೆವಲಪರ್ ಬಾಟಲಿಯ ಮೇಲಿನ ಅಂಕಿ ನೋಡಿ: 20 ವಾಲ್ಯೂಮ್ ಎಂದರೆ ಶೇಕಡಾ 6ರ ಪೆರಾಕ್ಸೈಡ್, 40 ಎಂದರೆ ಶೇಕಡಾ 12. ಬಿಳಿಕೂದಲು ಮುಚ್ಚಲು 20 ಸಾಕು. ಬುಡದಲ್ಲಿ ಹೊಸದಾಗಿ ಬೆಳೆದ ಬಿಳಿಗಷ್ಟೇ ಹಚ್ಚಿಸಿಕೊಳ್ಳಿ, ಪ್ರತಿ ಸಲ ತುದಿಯವರೆಗೆ ಎಳೆಯಬೇಡಿ. ನನ್ನ ಕೆಲಸದಲ್ಲಿ ಕೂದಲು ಉಳಿಸಿದ ಉಪಾಯಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಬಣ್ಣ ಹಾಕಿಸಿಕೊಂಡವರು ಎರಡು ಮೂರು ದಿನ ತಲೆ ತೊಳೆಯದಿರುವುದು ಒಳ್ಳೆಯದು. ಆಮೇಲೆ ಉಗುರುಬೆಚ್ಚಗಿನ ನೀರು. ಬಣ್ಣ ಇಳಿಯುವುದು ಶಾಂಪೂವಿನಿಂದ ಎಂದುಕೊಂಡಿದ್ದೇವೆ, ನೀರೊಂದೇ ಸಾಕಷ್ಟು ಇಳಿಸುತ್ತದೆ. ಕೆಂಪು ಛಾಯೆಗಳು ಎಲ್ಲಕ್ಕಿಂತ ಬೇಗ ಹೋಗುತ್ತವೆ. ಇಂಥ ಕೂದಲಿಗೆ ಆರಿಸುವಾಗ ಪಟ್ಟಿಯಲ್ಲಿ ಬೆಹೆನ್‌ಟ್ರೈಮೋನಿಯಂ ಜೊತೆ ಅಮೋಡೈಮೆಥಿಕೋನ್ ಎಂಬ ಸಿಲಿಕೋನ್ ಇದೆಯೇ ನೋಡಿ. ಸಿಲಿಕೋನ್ ಎಂದರೆ ವಿಷ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಇದು ಹಾಳಾದ ಜಾಗಕ್ಕೆ ಹೆಚ್ಚು ಅಂಟಿ, ಬಾಚುವಾಗಿನ ತಿಕ್ಕಾಟವನ್ನು ಕಡಿಮೆ ಮಾಡುತ್ತದೆ. ವಾರಕ್ಕೊಮ್ಮೆ ಮಾಸ್ಕ್ ಹಾಕಬಹುದು. ಮಾಸ್ಕ್ ಎಂದರೆ ಇವೇ ವಸ್ತುಗಳು ದಪ್ಪವಾಗಿರುವ ಕ್ರೀಮು. ಹೈಡ್ರೊಲೈಸ್ಡ್ ಪ್ರೋಟೀನ್ ಇರುವುದನ್ನು ಆಗಾಗ ಹಾಕಿದರೆ ಸಾಕು, ಪ್ರತಿಸಲ ಹಾಕಿದರೆ ಕೆಲವರ ಕೂದಲು ಬಿರುಸಾಗುತ್ತದೆ. ಬ್ಲೀಚ್ ಹೆಚ್ಚಾಗಿ ಆದವರು ಈಗ ಕೂದಲೊಳಗಿನ ಮುರಿದ ಬಂಧಗಳನ್ನು ಬೆಸೆಯುತ್ತದೆನ್ನುವ ‘ಬಾಂಡ್’ ಚಿಕಿತ್ಸೆ ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ರಸಾಯನತಜ್ಞರಾದ ಕ್ರೇಗ್ ಹಾಕರ್ ಮತ್ತು ಎರಿಕ್ ಪ್ರೆಸ್ಲಿ ಮಾಡಿದ ಮೇಲೀಯೇಟ್ ಸಂಯುಕ್ತದಿಂದ 2014ರಲ್ಲಿ ಓಲಾಪ್ಲೆಕ್ಸ್ ಬಂದು ಈ ಹುಚ್ಚು ಶುರುವಾಯಿತು. ಬ್ಲೀಚ್ ಮಾಡುವ ಹೊತ್ತಿನಲ್ಲೇ ಬಳಸುವುದಾದರೆ ಯೋಚಿಸಿ. ಬರೀ ಬಿಳಿಕೂದಲಿಗೆ ಡೈ ಹಾಕುವವರು ಅಷ್ಟು ದುಡ್ಡು ಕೊಡಬೇಕಾಗಿಲ್ಲ.

ಮೆಹಂದಿಯವರಿಗೂ ಒಂದು ಮಾತು. ರಾಜಸ್ಥಾನದ ಸೋಜತ್ ಕಡೆಯ ಒಳ್ಳೆಯ ಮೆಹಂದಿ ಇಲ್ಲಿ ಸಿಗುತ್ತದೆ. ಅದರ ಲಾಸೋನ್ ಎಂಬ ಬಣ್ಣ ಕೆರಾಟಿನ್ನಿಗೇ ಕಟ್ಟಿಕೊಳ್ಳುತ್ತದೆ, ಅದಕ್ಕೇ ಬೇಗ ಹೋಗುವುದಿಲ್ಲ. ಮತ್ತೆ ಮತ್ತೆ ಹಚ್ಚಿದರೆ ಕೂದಲು ಒರಟಾಗುವುದೂ ಉಂಟು. ಆದರೆ ಶುದ್ಧ ಮೆಹಂದಿ ಕಪ್ಪು ಬಣ್ಣ ಕೊಡುವುದಿಲ್ಲ. ‘ಕಾಲಿ ಮೆಹಂದಿ’ ಎಂದು ಮಾರುವ ಪುಡಿಗಳಲ್ಲಿ ಹೆಚ್ಚಾಗಿ ಪಿಪಿಡಿಯೇ ಇರುತ್ತದೆ. ಲೋಹದ ಲವಣ ಬೆರೆತ ಪುಡಿ ಹಚ್ಚಿದ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಬಿಸಿಯೇಳುತ್ತದೆ. ಹಾಗಾಗಿ ಮೆಹಂದಿ ಹಾಕಿದ್ದನ್ನು ಪಾರ್ಲರಿನಲ್ಲಿ ಮುಚ್ಚಿಡಬೇಡಿ. ಪಿಪಿಡಿ ಇರುವ ಡೈ ಪೆಟ್ಟಿಗೆಯ ಮೇಲೆ ಚರ್ಮಕ್ಕೆ ಉರಿ ಬರಬಹುದು, ಮೊದಲು ಪರೀಕ್ಷಿಸಿ, ಹುಬ್ಬಿಗೆ ರೆಪ್ಪೆಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಎಂಬ ಎಚ್ಚರಿಕೆ ಮುದ್ರಿಸಬೇಕೆಂಬ ಕಾನೂನಿದೆ. ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯುವಷ್ಟು ತಾಳ್ಮೆ ಇರಲಿ. ಹತ್ತು ವರ್ಷ ಏನೂ ಆಗದವರಿಗೂ ಹನ್ನೊಂದನೆಯ ವರ್ಷ ಮುಖ ಊದಿಕೊಳ್ಳುವ ಅಲರ್ಜಿ ಅದು.

ಕೊಬ್ಬರಿ ಎಣ್ಣೆಯ ಬಗ್ಗೆ ನಮ್ಮವರ ನಂಬಿಕೆಗೆ ಪ್ರಯೋಗದ ಆಧಾರ ಸಿಕ್ಕಿದ್ದು 2003ರಲ್ಲಿ. ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನ್ ತೊಳೆದುಹೋಗುವುದನ್ನು ಗಮನಾರ್ಹವಾಗಿ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ, ಬ್ಲೀಚ್ ಮಾಡಿದ ಕೂದಲಿನಲ್ಲೂ. ಅದರ ಲಾರಿಕ್ ಆಮ್ಲದ ಅಣು ನೇರ, ಚಿಕ್ಕದು, ಕೂದಲೊಳಗೆ ಇಳಿಯುತ್ತದೆ. ಅವರು ಕೊಬ್ಬರಿ ಎಣ್ಣೆ ಮಾರುವ ಮುಂಬಯಿಯ ಮ್ಯಾರಿಕೋ ಕಂಪನಿಯವರು ಎನ್ನುವುದು ಓದುಗರಿಗೆ ಗೊತ್ತಿರಲಿ, ಆದರೆ ನನ್ನ ಕೈಯ ಅನುಭವವೂ ಅದನ್ನೇ ಹೇಳುತ್ತದೆ. ತೊಳೆಯುವ ಹಿಂದಿನ ರಾತ್ರಿ ಉದ್ದಕ್ಕೂ ತೆಳ್ಳಗೆ ಹಚ್ಚಿ. ಬಣ್ಣದ ಕೂದಲಿಗೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ನಾನು ಮಾಡದೇ ಇರುವ ಒಂದು ಕೆಲಸವಿದೆ. ಮದುವೆ ಸೀಸನ್ನಿನಲ್ಲಿ ಎಷ್ಟು ಕೇಳಿದರೂ ‘ಕೆರಾಟಿನ್’ ಸ್ಟ್ರೇಟ್ನಿಂಗ್ ಮಾಡುವುದಿಲ್ಲ. ಅಂಥ ಹಲವು ದ್ರಾವಣಗಳನ್ನು ಕೂದಲಿಗೆ ಹಚ್ಚಿ ಬಿಸಿ ಇಸ್ತ್ರಿ ಎಳೆದಾಗ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ. ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಸೇರಿಸಿದೆ. ಅದಿಲ್ಲ ಎಂದು ಹೇಳಿಕೊಂಡು ಬಂದ ಕೆಲವು ಕ್ರೀಮುಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಟ್ಯುನೀಷಿಯಾದ ಪಾರ್ಲರೊಂದರಲ್ಲಿ 2020, 2021, 2022ರಲ್ಲಿ ಇಂಥ ಸ್ಟ್ರೇಟ್ನಿಂಗ್ ಮಾಡಿಸಿಕೊಂಡ 26ರ ಯುವತಿಗೆ ಮೂರು ಸಲವೂ ಕಿಡ್ನಿಗೆ ಹಾನಿಯಾಯಿತು. ಫ್ರಾನ್ಸಿನ ವೈದ್ಯರು ಇದನ್ನು 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಕೂದಲು ನೇರವಾಗುವುದಕ್ಕೆ ಇಷ್ಟು ಬೆಲೆ ತೆರಬಾರದು.

ಕೂದಲು ತುಂಡಾಗುವುದಕ್ಕೂ ಬುಡದಿಂದ ಉದುರುವುದಕ್ಕೂ ವ್ಯತ್ಯಾಸ ನೋಡಿಕೊಳ್ಳಿ. ಬಾಚಣಿಗೆಯಲ್ಲಿ ಗಿಡ್ಡ ತುಂಡುಗಳಿದ್ದರೆ ಕಂಡಿಷನರ್ ನೆರವಾಗುತ್ತದೆ. ಬುಡದ ಬಿಳಿ ಗುಂಡಿನ ಸಮೇತ ರಾಶಿ ಬರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಶೇಗಾಂವ ತಾಲ್ಲೂಕಿನ ಹಳ್ಳಿಗಳಲ್ಲಿ ಜನರ ಕೂದಲು ದಿನಗಳೊಳಗೆ ಉದುರಿದಾಗ ಮೊದಲು ದೂರಿದ್ದು ನೀರನ್ನು, ಶಾಂಪೂವನ್ನು. ಆಮೇಲೆ ವೈದ್ಯರಾದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ತಮ್ಮ ಪರೀಕ್ಷೆಗಳ ಆಧಾರದ ಮೇಲೆ ಅಲ್ಲಿನವರು ತಿನ್ನುತ್ತಿದ್ದ ಗೋಧಿಯಲ್ಲಿ ಸೆಲೆನಿಯಂ ಅತಿಯಾಗಿದೆ ಎಂದರು. ಅಂಥದ್ದಕ್ಕೆ ನನ್ನ ಕಪಾಟಿನಲ್ಲಿ ಏನೂ ಇಲ್ಲ.

ಹೋದ ಚಳಿಗಾಲದಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ತಮ್ಮನ ಮದುವೆಗೆಂದು ಎಲ್ಲೋ ಹೈಲೈಟ್ಸ್ ಮಾಡಿಸಿದ್ದಳು, ಸೊಂಟದವರೆಗಿನ ಕೂದಲು ಮುಟ್ಟಿದರೆ ಮುರಿಯುತ್ತಿತ್ತು. “ಕತ್ತರಿ ಹಾಕಬ್ಯಾಡ್ರಿ ಅಕ್ಕಾರ” ಎಂದು ಮೊದಲೇ ಹೇಳಿದಳು. ಇಡಿಟಿಎ ಶಾಂಪೂ ಹಾಕಿ ತೊಳೆದು, ಒಗೆದ ಬಟ್ಟೆಯಲ್ಲಿ ನೀರು ಹೀರಿಸಿ, ಕಿವಿಯಿಂದ ಕೆಳಗೆ ಮಾಸ್ಕ್ ಹಚ್ಚಿ, ದೊಡ್ಡ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿದೆ. ಮೂರನೆಯ ವಾರಕ್ಕೆ ಅವಳೇ ನಾಲ್ಕು ಬೆರಳು ಕತ್ತರಿಸಲು ಒಪ್ಪಿದಳು. ಬ್ಲೀಚ್ ಆದ ಭಾಗ ಪೂರ್ತಿ ಹೋಗಲು ಇನ್ನೂ ವರ್ಷಗಳು ಬೇಕು, ಅಷ್ಟರಲ್ಲಿ ಅವರಿಗೆ ಮುಂದಿನ ಪೋಸ್ಟಿಂಗ್ ಬಂದಿರುತ್ತದೆ. ಅದಕ್ಕೇ ಅವಳ ಕೈಗೆ ಬ್ರ್ಯಾಂಡಿನ ಹೆಸರು ಬರೆದುಕೊಡಲಿಲ್ಲ. ಬೆಹೆನ್‌ಟ್ರೈಮೋನಿಯಂ, ಸೆಟೆರಿಲ್ ಆಲ್ಕೊಹಾಲ್, ಅಮೋಡೈಮೆಥಿಕೋನ್ ಎಂದು ಬರೆದುಕೊಟ್ಟೆ. ಈ ಮೂರೂ ಇರುವ ಬಾಟಲಿ ಯಾವ ಊರಿನ ಆರ್ಮಿ ಕ್ಯಾಂಟೀನಿನಲ್ಲಾದರೂ ಸಿಗುತ್ತದೆ, ಬೆಲೆಯೂ ಹೆಚ್ಚಿರುವುದಿಲ್ಲ.