ಗಂಟೆಗಟ್ಟಲೆ ಕನ್ನಡಿ ನೋಡುವುದು ಶೋಕಿಯೋ, ಕಾಯಿಲೆಯೋ? ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಬಗ್ಗೆ ತಿಳಿಯೋಣ

ಹೋದಲ್ಲೆಲ್ಲ ಕನ್ನಡಿ ಹುಡುಕುವ ಹುಡುಗ. ಹತ್ತಾರು ಸೆಲ್ಫಿ ತೆಗೆದು ಅಷ್ಟನ್ನೂ ಅಳಿಸುವ ಹುಡುಗಿ. ಇಂಥವರನ್ನು ಗೇಲಿ ಮಾಡುವ ಮೀಮ್‌ಗಳು ನಮ್ಮ ಫ್ಯಾಮಿಲಿ ಗ್ರೂಪ್‌ಗಳಿಗೂ ಬರುತ್ತಿರುತ್ತವೆ. ‘ಈಗಿನ ಮಕ್ಕಳಿಗೆ ಶೋಕಿ ಜಾಸ್ತಿ’ ಎಂದು ನಕ್ಕು ನಾವೂ ಫಾರ್ವರ್ಡ್ ಮಾಡುತ್ತೇವೆ. ಹೆಚ್ಚಿನವರ ವಿಷಯದಲ್ಲಿ ಅದು ವಯಸ್ಸಿನ ಆಸೆ ಅಷ್ಟೇ. ಆದರೆ ಕೆಲವರ ವಿಷಯದಲ್ಲಿ ಅದು ಜೀವಕ್ಕೇ ಕುತ್ತು ತರಬಲ್ಲ ಮಾನಸಿಕ ಕಾಯಿಲೆ.

ಏನಿದು ಕಾಯಿಲೆ?

ಬೇರೆಯವರ ಕಣ್ಣಿಗೆ ಕಾಣದ, ಅಥವಾ ಕಂಡರೂ ತೀರಾ ಚಿಕ್ಕದಾದ ಒಂದು ಕೊರತೆ ತನ್ನ ದೇಹದಲ್ಲಿ ದೊಡ್ಡದಾಗಿದೆ ಎಂಬ ಕೊರಗು ಬಿಡದೆ ಕಾಡುವುದೇ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ಅಂದರೆ ಬಿಡಿಡಿ. ಚರ್ಮ, ಮೂಗು, ಕೂದಲು ಹೀಗೆ ಯಾವುದರ ಬಗ್ಗೆಯೂ ಈ ಕೊರಗು ಇರಬಹುದು. ಇಟಲಿಯ ವೈದ್ಯ ಎನ್ರಿಕೋ ಮೊರ್ಸೆಲ್ಲಿ 1891ರಲ್ಲೇ ಇದನ್ನು ವಿವರಿಸಿದ್ದರು. ಅಂದರೆ ಇದು ಮೊಬೈಲ್ ತಂದ ಕಾಯಿಲೆ ಅಲ್ಲ. ಅಮೆರಿಕ, ಜರ್ಮನಿಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ 100 ಜನರಲ್ಲಿ ಸುಮಾರು 2 ಮಂದಿಗೆ ಇದಿರುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ.

ನಂಬಿಕೆ 1: ಇದು ಅಂದದ ಹುಚ್ಚು

ನಿಜಾಂಶ: ಅಂದ ಮೆಚ್ಚಿಕೊಂಡು ಕನ್ನಡಿ ನೋಡುವವರಿಗೆ ಖುಷಿಯಾಗುತ್ತದೆ. ಬಿಡಿಡಿ ಇರುವವರಿಗೆ ನೋಡಿದಷ್ಟೂ ಸಂಕಟ. ಕೆಲವರು ಕನ್ನಡಿಯನ್ನೇ ಮುಚ್ಚಿಡುತ್ತಾರೆ. ಅಮೆರಿಕದ ಮನೋವೈದ್ಯರು 2013ರ ತಮ್ಮ ಕೈಪಿಡಿಯಲ್ಲಿ ಇದನ್ನು ಗೀಳು ಕಾಯಿಲೆಯ ಗುಂಪಿಗೆ ಸೇರಿಸಿದರು. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಇಪ್ಪತ್ತು ಸಲ ನೋಡುವವರಂತೆಯೇ ಇವರೂ ಮುಖವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಇವರ ಮಿದುಳು ಇಡೀ ಮುಖಕ್ಕಿಂತ ಸಣ್ಣ ಸಣ್ಣ ವಿವರಗಳಿಗೇ ಹೆಚ್ಚು ಗಮನ ಕೊಡುತ್ತದೆ ಎಂದು ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ.

ನಂಬಿಕೆ 2: ಇದು ಹುಡುಗಿಯರ ಸಮಸ್ಯೆ

ನಿಜಾಂಶ: ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿದೆ. ಕಟ್ಟುಮಸ್ತಾಗಿದ್ದರೂ ‘ನಾನು ಸಣಕಲು’ ಎಂದು ಕೊರಗುತ್ತಾ, ಊಟ ನಿದ್ದೆ ಕೆಲಸ ಬಿಟ್ಟು ಜಿಮ್‌ನಲ್ಲೇ ಇರುವುದು ಇದರದ್ದೇ ಒಂದು ರೂಪ. ಇಂಥವರಲ್ಲಿ ಕೆಲವರು ಸ್ಟಿರಾಯ್ಡ್‌ಗೂ ಕೈ ಹಾಕುತ್ತಾರೆ.

ನಂಬಿಕೆ 3: ಸೆಲ್ಫಿ ಸುಳ್ಳು ಹೇಳುವುದಿಲ್ಲ

ನಿಜಾಂಶ: ಖಂಡಿತ ಹೇಳುತ್ತದೆ. ಕ್ಯಾಮೆರಾಕ್ಕೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ಮುಖದಲ್ಲಿ ಮುಂದೆ ಚಾಚಿರುವುದು ಮೂಗು. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲವಾಗಿ ಕಾಣಬಹುದು ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬಿಡಿಡಿಗೆ ಸೆಲ್ಫಿಯೊಂದೇ ಕಾರಣ ಅಲ್ಲ. ಆದರೆ ಮೊದಲೇ ಕೊರಗುವ ಮನಸ್ಸಿಗೆ ಇಂಥ ಫೋಟೊ ಸಾಕ್ಷಿಯಂತೆ ಕಾಣುತ್ತದೆ.

ನಂಬಿಕೆ 4: ಸರ್ಜರಿ ಮಾಡಿಸಿದರೆ ಸರಿಹೋಗುತ್ತದೆ

ನಿಜಾಂಶ: ಬಹುತೇಕರಿಗೆ ಇಲ್ಲ. ಮೂಗು ಸರಿಪಡಿಸಿದರೂ ಕೊರಗು ಹೋಗುವುದಿಲ್ಲ, ಅಥವಾ ಮೂಗು ಬಿಟ್ಟು ಗಲ್ಲಕ್ಕೆ ಅಂಟಿಕೊಳ್ಳುತ್ತದೆ. ದುಡ್ಡು ಖರ್ಚಾಗುತ್ತದೆ, ನೋವು ಉಳಿಯುತ್ತದೆ. ತೊಂದರೆ ಇರುವುದು ಮೂಗಿನಲ್ಲಲ್ಲ.

ಯಾವಾಗ ಎಚ್ಚರವಾಗಬೇಕು?

ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದೇ ಯೋಚನೆ, ಮಾಸ್ಕ್, ಟೋಪಿ, ಮೇಕಪ್‌ನಿಂದ ಮುಚ್ಚಿಕೊಳ್ಳುವುದು, ಚರ್ಮ ಕೆರೆದು ಗಾಯ ಮಾಡಿಕೊಳ್ಳುವುದು, ‘ನಾನು ಅಸಹ್ಯವಾಗಿದ್ದೇನಾ?’ ಎಂದು ಪದೇ ಪದೇ ಕೇಳುವುದು. ಕಾಲೇಜು, ಕೆಲಸ, ಮದುವೆ ಮುಂಜಿಗಳನ್ನು ತಪ್ಪಿಸಿಕೊಳ್ಳುವುದು. ಇವು ಕಂಡರೆ ಮನೋವೈದ್ಯರನ್ನು ಕಾಣಬೇಕು. ಇವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚು. ‘ಬದುಕಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ಚಿಕಿತ್ಸೆ ಇದೆಯೇ?

ಇದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಕನ್ನಡಿ ಪರೀಕ್ಷೆಯನ್ನು ಹಂತಹಂತವಾಗಿ ಕಡಿಮೆ ಮಾಡಿ, ಜನರ ನಡುವೆ ಬರುವ ಧೈರ್ಯ ಕಲಿಸುತ್ತಾರೆ. ಗೀಳು ಕಾಯಿಲೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳೂ ನೆರವಾಗುತ್ತವೆ. ಗುಣ ಕಾಣಲು ಮೂರು ತಿಂಗಳಾದರೂ ಬೇಕಾಗಬಹುದು. ವೈದ್ಯರನ್ನು ಕೇಳದೆ ಮಾತ್ರೆ ಶುರುಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಮನೆಯವರು ಏನು ಮಾಡಬಹುದು?

‘ನೀನು ಚೆನ್ನಾಗೇ ಇದ್ದೀಯ ಬಿಡು’ ಎಂಬ ಸಮಾಧಾನ ಐದು ನಿಮಿಷಕ್ಕೆ ಕರಗಿ, ಅದೇ ಪ್ರಶ್ನೆ ಮತ್ತೆ ಬರುತ್ತದೆ. ಬೈದರೆ ಮುಚ್ಚಿಡಲು ಕಲಿಯುತ್ತಾರೆ. ಮೂಗಿನ ವಾದಕ್ಕೆ ಇಳಿಯದೆ, ‘ನಿನಗೆ ಎಷ್ಟು ಕಷ್ಟ ಆಗ್ತಿದೆ ಅಂತ ಗೊತ್ತಾಗ್ತಿದೆ, ಡಾಕ್ಟರ್ ಹತ್ತಿರ ಜೊತೇಲಿ ಹೋಗೋಣ’ ಎನ್ನಿ. ಯಾರ ಹತ್ತಿರ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಸಲ ಕನ್ನಡಿ ಜೋಕ್ ಬಂದಾಗ ಒಂದು ಕ್ಷಣ ತಡೆಯೋಣ. ಅದೇ ಗ್ರೂಪಿನಲ್ಲಿ, ಡಿಪಿ ಇಲ್ಲದೆ, ಮಾತಾಡದೆ ಕೂತಿರುವ ಒಬ್ಬರು ಅದನ್ನು ಓದುತ್ತಿರಬಹುದು. ಫಾರ್ವರ್ಡ್ ಮಾಡಲೇಬೇಕೆಂದರೆ ಆ ಸಹಾಯವಾಣಿಯ ನಂಬರ್ ಮಾಡೋಣ.