ಶಾಲೆಯ ಹಾಡು ಸೊಸೈಟಿ ಪೆಂಡಾಲಿಗೆ: ಮಕ್ಕಳ ತಂಡವನ್ನು ಹೊರಗೆ ಕರ್ಕೊಂಡು ಹೋಗೋ ಮುಂಚೆ

ಈ ಸಲದ ವಿಡಿಯೋದಲ್ಲಿ ಕೋಡ್ ಬಗ್ಗೆ ಮಾತಿಲ್ಲ, ಹಾಡಿನ ಬಗ್ಗೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಇದೆ, ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ ನಡೆಸೋ ಶಾಲೆ ಇದೆ. ಐರೋಲಿ, ಘನ್ಸೋಲಿ ಆಫೀಸುಗಳಿಗೆ ಅಂತ ಬಂದು ಇಲ್ಲೇ ನೆಲೆಸಿದ ನಮ್ಮಂಥವರ ಮಕ್ಕಳು ಇನ್ನೂ ಬೇರೆ ಬೇರೆ ಶಾಲೆಗಳಲ್ಲಿದ್ದಾರೆ. ಎಲ್ಲೇ ಓದಲಿ, ಹಾಡಿನ ತಂಡ ಅಂದ್ರೆ ಗ್ಯಾದರಿಂಗ್ ದಿನ ಸ್ಟೇಜ್ ಹತ್ತೋದು. ಕೇಳೋರು ಅಪ್ಪ ಅಮ್ಮ. ಅವರೂ ಮೊಬೈಲ್ ಎತ್ತಿ ಹಿಡಿದು ತಮ್ಮ ಮಗುವನ್ನಷ್ಟೇ ರೆಕಾರ್ಡ್ ಮಾಡ್ತಿರ್ತಾರೆ.

ಅದೇ ತಂಡವನ್ನು ಗಣೇಶೋತ್ಸವಕ್ಕೋ ವೃದ್ಧಾಶ್ರಮಕ್ಕೋ ಕರ್ಕೊಂಡು ಹೋದರೆ ಲೆಕ್ಕವೇ ಬೇರೆ. ಕೇಳೋರಿಗೆ ಮಕ್ಕಳ ಹೆಸರು ಗೊತ್ತಿಲ್ಲ, ಮುಕ್ಕಾಲು ಪಾಲು ಜನಕ್ಕೆ ಕನ್ನಡವೂ ಗೊತ್ತಿಲ್ಲ. ನಾನು ಎರಡು ವರ್ಷದಿಂದ ಇಲ್ಲಿನ ಒಂದು ಶಾಲೆಯ ತಂಡದ ಜೊತೆ ಓಡಾಡ್ತಿದ್ದೀನಿ. ಹಾಡು ಟೀಚರ್ ಜವಾಬ್ದಾರಿ, ಮೈಕು ಮತ್ತು ನೀರಿನ ಬಾಟಲಿ ನನ್ನದು.

ಪೇರೆಂಟ್ಸ್ ಮೀಟಿಂಗಿನಲ್ಲಿ ಮೊದಲು ಬರೋ ಪ್ರಶ್ನೆ, ಸ್ವಲ್ಪ ಮೆಲ್ಲಗೆ ಬರೋ ಪ್ರಶ್ನೆ: 'ಹೊರಗೆ ಕನ್ನಡ ಹಾಡಿದರೆ ಯಾರಾದ್ರೂ ಏನಾದ್ರೂ ಅಂದ್ರೆ?' ಈ ಭಯವನ್ನು ನಾನು ತಮಾಷೆ ಮಾಡಲ್ಲ. ನಾವು ಕಂಡ್ಕೊಂಡ ದಾರಿ ಸರಳ. ರಾಜಾ ಬಢೆ ಬರೆದ 'ಜಯ ಜಯ ಮಹಾರಾಷ್ಟ್ರ ಮಾಝಾ' 2023ರ ಫೆಬ್ರವರಿ 19ರಿಂದ ಇಲ್ಲಿನ ರಾಜ್ಯಗೀತೆ, ನಿಗದಿಯಾದ ಅವಧಿ 1 ನಿಮಿಷ 41 ಸೆಕೆಂಡ್. ನಮ್ಮ ನಾಡಗೀತೆಗೆ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ ಗೊತ್ತಾಯ್ತು. ಎರಡೂ ಸೇರಿ 4 ನಿಮಿಷ 11 ಸೆಕೆಂಡ್. ಮೊದಲು ಮರಾಠಿ, ಆಮೇಲೆ ಕನ್ನಡ. ಇದು ಹೆದರಿ ಮಾಡೋ ಅಡ್ಜಸ್ಟ್‌ಮೆಂಟ್ ಅಂತ ಕೆಲವರು ಅಂದರು. ನನಗೆ ಹಾಗನ್ನಿಸಲ್ಲ. ಈ ಊರಿನ ನೀರು ಕುಡಿದು ಬೆಳೀತಿರೋ ಮಕ್ಕಳು, ಎರಡೂ ಅವರದೇ. ಆದರೆ ಮರಾಠಿಯನ್ನ ಸರಿಯಾಗಿ ಕಲಿಸಿ. 'ಮಾಝಾ'ದ ಝ ನಮ್ಮ ಝ ಅಲ್ಲ, ನಾಲಿಗೆ ಹಲ್ಲಿನ ಹತ್ತಿರ ಹೋಗ್ಬೇಕು. ಅಕ್ಕಪಕ್ಕದ ಆಜಿಯೊಬ್ಬರನ್ನು ಕೂರಿಸಿಕೊಂಡು ಹೇಳಿಸಿದರೆ ಎರಡು ದಿನದಲ್ಲಿ ಬರುತ್ತೆ.

ಕನ್ನಡದ ಕಷ್ಟ ಇನ್ನೂ ದೊಡ್ಡದು, ಯಾಕಂದ್ರೆ ಹೆಚ್ಚಿನ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ. ಎಲ್ಲರೂ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ವಾಟ್ಸಾಪ್ ಮಾಡ್ತಾರೆ. ಅಲ್ಲೇ ಎಡವಟ್ಟು. ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ದೇವನಾಗರಿಯಲ್ಲಿ ಬರೆದರೆ ಳ ಉಳಿಯುತ್ತೆ, ಮರಾಠಿಯಲ್ಲೂ ಆ ಅಕ್ಷರ ಇದೆಯಲ್ಲ. ಆದರೆ ಅವರು ದಿನಾ ಬಳಸೋ ಲಿಪಿಯಲ್ಲಿ ನಮ್ಮ ಹ್ರಸ್ವ ಎ, ಒ ಇಲ್ಲ. 'ಕೊಡು' ಅನ್ನೋದು 'ಕೋಡು' ಆಗುತ್ತೆ. ನಾವು ದೇವನಾಗರಿಯಲ್ಲಿ ಬರೆದು, ಹ್ರಸ್ವ ಬರೋ ಕಡೆ ಕೆಂಪು ಪೆನ್ನಿನಿಂದ ಚುಕ್ಕೆ ಇಡ್ತೀವಿ. ಜೊತೆಗೆ ಟೀಚರ್ ಸಾಲು ಸಾಲಾಗಿ ಓದಿದ ಆಡಿಯೋ ಕಳಿಸ್ತೀವಿ, ಮೊದಲು ಮಾತು, ಆಮೇಲೆ ರಾಗ.

ಇನ್ನು ಸೌಂಡ್. ಇಲ್ಲಿ ನನ್ನೊಳಗಿನ ಇಂಜಿನಿಯರ್ ಸ್ವಲ್ಪ ಹೆಚ್ಚು ಮಾತಾಡ್ತಾನೆ, ಸಹಿಸ್ಕೊಳ್ಳಿ. ಹಾಲ್‌ನಲ್ಲಿ ಗೋಡೆಗಳು ದನಿಯನ್ನು ವಾಪಸ್ ಕೊಡ್ತವೆ, ಬಯಲಲ್ಲಿ ಕೊಡಲ್ಲ. ದೂರ ಎರಡು ಪಟ್ಟಾದಾಗೆಲ್ಲ ಸುಮಾರು 6 ಡೆಸಿಬೆಲ್ ಕಮ್ಮಿ. ಮಕ್ಕಳಿಗೆ ತಮ್ಮ ದನಿಯೇ ಕೇಳಿಸದೆ ಕಿರುಚೋಕೆ ಶುರು ಮಾಡ್ತಾರೆ. ಅದಕ್ಕೆ ಉದ್ದ ಸಾಲು ಬೇಡ, ಅರ್ಧಚಂದ್ರಾಕಾರದಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಹಿಂದೆ ಗೋಡೆ ಇದ್ದರೆ ಒಳ್ಳೇದು. ಕರೋಕೆ ಟ್ರ್ಯಾಕ್ ಬೇಡವೇ ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಸ್ಪೀಕರ್ 17 ಮೀಟರ್ ದೂರ ಇದ್ದರೆ ಟ್ರ್ಯಾಕ್ ಮಕ್ಕಳ ಕಿವಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾಗಿ ಬರುತ್ತೆ, ಹಾಡು ಜಗ್ಗೋಕೆ ಅಷ್ಟು ಸಾಕು. ಹಾರ್ಮೋನಿಯಂ, ತಬಲಾ ಅವರ ಮಧ್ಯೆಯೇ ಇರಲಿ. ಶ್ರುತಿಯೂ ಹಾಗೇ. ಸರ್ ತಮಗೆ ಹೊಂದುತ್ತೆ ಅಂತ ಕಾಳಿ ಏಕ್ ಹಿಡಿದರೆ ಕೆಳಗಿನ ಸ್ವರಗಳಲ್ಲಿ ಮಕ್ಕಳ ದನಿ ಮಾಯ. ಹಾಡಿನ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರವನ್ನು ತಂಡದ ಸಣ್ಣ ದನಿಯ ಮೂವರಿಂದ ಹಾಡಿಸಿ, ಅವರಿಗೆ ಎಟಕೋ ಶ್ರುತಿಯನ್ನೇ ಇಟ್ಕೊಳ್ಳಿ.

ಲೌಡ್‌ಸ್ಪೀಕರ್‌ಗೆ ಲಿಖಿತ ಅನುಮತಿ ಬೇಕು. ಆಸ್ಪತ್ರೆಯ ಸುತ್ತ ನಿಶ್ಶಬ್ದ ವಲಯ ಅಂತ ಘೋಷಿಸಿದ್ದಾರಾ ನೋಡ್ಕೊಳ್ಳಿ. ಭಾನುವಾರ ಆದ್ರೆ ಮೆಗಾಬ್ಲಾಕ್ ನೋಡ್ಕೊಂಡೇ ಹೊರಡಿ. ಡೊಂಬಿವಲಿಯಿಂದ ಐರೋಲಿಗೆ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯೋದು ನಮಗೆ ದಿನದ ಕೆಲಸ, ಇಪ್ಪತ್ತೈದು ಮಕ್ಕಳನ್ನು ಕಟ್ಟಿಕೊಂಡು ಅಲ್ಲ. ಮಿನಿ ಬಸ್ ಮಾಡಿ.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದನ್ನು ಬಿಟ್ಟಿದ್ದೆ. ಮೊದಲ ಸಲ ದೊಡ್ಡ ಸೊಸೈಟಿಯೊಂದರ ಗಣಪತಿಗೆ ಹಾಡೋದಿತ್ತು. ಚೆನ್ನಾಗಿ ಹಾಡೋ ಏಳನೇ ಕ್ಲಾಸಿನ ಹುಡುಗಿ ಹಿಂದಿನ ದಿನ ಬರಲ್ಲ ಅಂದಳು. ಹೊಟ್ಟೆನೋವು ಅಂದಳು, ಆಮೇಲೆ ಮೆಲ್ಲಗೆ, 'ಅಂಕಲ್, ಆ ಬಿಲ್ಡಿಂಗ್‌ನಲ್ಲಿ ಅಮ್ಮ ಅಡುಗೆ ಕೆಲಸಕ್ಕೆ ಹೋಗ್ತಾರೆ' ಅಂದಳು. ಹಾಡಾದ ಮೇಲೆ ಅಲ್ಲೇ ಊಟ ಬೇರೆ ಇತ್ತು. ಅವಳು ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಆಗ ನೆನಪಾಗಿದ್ದು ಗಂಗೂಬಾಯಿ ಹಾನಗಲ್. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು, ಸ್ವಾಗತ ಗೀತೆ ಹಾಡಿದ ಗಂಗೂಬಾಯಿಗೆ ಆಗ 11 ವರ್ಷ. ಅಷ್ಟು ದೊಡ್ಡ ಸಭೆಯ ಬಗ್ಗೆ ಮುಂದೆ ಅವರು ನೆನಪಿಸಿಕೊಂಡಿದ್ದು ತಮ್ಮ ಆ ದಿನದ ಭಯವನ್ನು: ಜಾತಿಯ ಕಾರಣಕ್ಕೆ ತನ್ನನ್ನು ಊಟದ ಎಂಜಲು ತೆಗೆಯೋಕೆ ಹೇಳಿಬಿಟ್ಟರೆ ಅಂತ. ಕರ್ಕೊಂಡು ಹೋದ ದೊಡ್ಡವರು ಆ ದಿನ ಹಾಡಿನ ಬಗ್ಗೆಯೇ ಯೋಚನೆ ಮಾಡ್ತಿದ್ದಿರಬೇಕು, ನನ್ನ ಹಾಗೆ.

ಈಗ ಜಾಗ ಒಪ್ಪಿಕೊಳ್ಳೋ ಮೊದಲು ಟೀಚರ್ ಪ್ರತಿ ಮಗುವನ್ನೂ ಬೇರೆ ಬೇರೆಯಾಗಿ ಕೇಳ್ತಾರೆ: ಅಲ್ಲಿ ನಿನಗೆ ಗೊತ್ತಿರೋರು ಯಾರಿದ್ದಾರೆ, ಅವರ ಮುಂದೆ ಹಾಡೋದು ನಿನಗೆ ಸರೀನಾ? ಊಟ ಇದ್ದರೆ ಮಕ್ಕಳೆಲ್ಲ ಒಂದೇ ಪಂಕ್ತಿಯಲ್ಲಿ, ಕರೆದವರ ಜೊತೆಗೇ ಕೂತು ತಿನ್ನಬೇಕು ಅಂತ ಮೊದಲೇ ಹೇಳಿಬಿಡ್ತೀವಿ. ಒಂದು ಕಡೆ 'ಮಕ್ಕಳಿಗೆ ಪ್ಯಾಕೆಟ್ ಕೊಡ್ತೀವಿ' ಅಂದರು, ಅಲ್ಲಿಗೆ ಹೋಗಲಿಲ್ಲ.

ಕಲ್ಯಾಣ್ ಕಡೆಯ ವೃದ್ಧಾಶ್ರಮಕ್ಕೆ ಹೋದಾಗ ಆ ಹುಡುಗಿ ಬಂದಳು, ಎರಡನೇ ಸಾಲಿನಲ್ಲಿ ನಿಂತು ಹಾಡಿದಳು. ವಿಜಯಪುರದ ಕಡೆಯ ಅಜ್ಜಿಯೊಬ್ಬರು ಕನ್ನಡ ಕೇಳಿ, 'ನೀ ಯಾವೂರಾಕಿ ಅವ್ವಾ?' ಅಂದರು. 'ಡೊಂಬಿವಲಿ' ಅಂದಳು.